ಒಂದೇ ದಿನದ ಕರೆಂಟು

ಶಶಿ, ನಿನ್ನ ಕಿವಿಯ ಗಂಟು ಮತ್ತೆ ಬೆಳೆದದ್ದಕ್ಕೆ ನಿನ್ನ ರಕ್ತವನ್ನು ದೂರಬೇಡ. ಆಪರೇಷನ್ ಆದ ಮೇಲೆ ನಾಲ್ಕು ದಿನ ಕರೆಂಟು ಕೊಡಬೇಕು, ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಒಂದೇ ದಿನಕ್ಕೆ ಸಾಕೆಂದರು ಅಂತ ನಿನಗೂ ಅವ್ವನಿಗೂ ಹೇಳಿದವನು ನಾನು. ಡಾಕ್ಟರು ಹಾಗೆ ಹೇಳಿರಲಿಲ್ಲ. ಉಳಿದ ಮೂರು ದಿನವನ್ನು ನಾನೇ ತಪ್ಪಿಸಿದೆ — ನಿನ್ನ ಒಳ್ಳೆಯದಕ್ಕಲ್ಲ, ನನ್ನ ಮದುವೆ ಎಲ್ಲಿ ಮುರಿದುಬೀಳುತ್ತದೋ ಎಂಬ ಭಯಕ್ಕೆ.

ಇಷ್ಟು ಬರೆಯುವುದಕ್ಕೆ ಒಂದು ವಾರ ಹಿಡಿಯಿತು. ಮೊದಲು ಬರೆದ ಕಾಗದವನ್ನು ಓದಿ ನೋಡಿದರೆ ‘ಅಂದಿನ ಪರಿಸ್ಥಿತಿಯಲ್ಲಿ’ ಎಂಬ ಮಾತು ಪುಟದ ತುಂಬ ಇತ್ತು. ನೀರಾವರಿ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ತಪ್ಪನ್ನು ಪರಿಸ್ಥಿತಿಯ ತಲೆಗೆ ಕಟ್ಟುವುದು ಕೈಗೆ ಹತ್ತಿದ ವಿದ್ಯೆ. ಹರಿದು ಹಾಕಿದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ; ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ.

ಶುರುವಾದದ್ದು ಆ ಎರಡನೆಯ ತೂತಿನಿಂದ ಅಲ್ಲವೇ? ನೀನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ನಿನ್ನ ಜೊತೆಯ ಹುಡುಗಿಯರೆಲ್ಲ ಓಲೆಯ ಮೇಲೊಂದು ಪುಟ್ಟ ಹರಳು ಚುಚ್ಚಿಸಿಕೊಂಡಿದ್ದರು. ಅವ್ವ ಬೇಡವೇ ಬೇಡ ಎಂದಳು. ನೀನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದನ್ನು ನೋಡಲಾರದೆ ನಾನೇ ನಿನ್ನನ್ನು ಪಾಂಡವಪುರದ ಅಕ್ಕಸಾಲಿಯ ಹತ್ತಿರ ಕರೆದುಕೊಂಡು ಹೋದೆ. ಬಲಗಿವಿ ಸುಮ್ಮನೆ ವಾಸಿಯಾಯಿತು. ಎಡಗಿವಿ ಕೀವಾಯಿತು, ಒಣಗಿತು, ಒಣಗಿದ ಮೇಲೆ ಬೆಳೆಯತೊಡಗಿತು. ಮೊದಲು ಅವರೆಕಾಳಿನಷ್ಟು, ವರ್ಷ ಕಳೆಯುವುದರೊಳಗೆ ಅಡಿಕೆಯಷ್ಟು. ನುಣ್ಣಗೆ, ಹೊಳೆಯುತ್ತ, ಕಿವಿಯ ಹಾಲೆಯನ್ನು ಕೆಳಕ್ಕೆ ಜಗ್ಗುತ್ತ. ಸುಣ್ಣ ಹಚ್ಚಿದ್ದಾಯಿತು. ಕುದುರೆ ಬಾಲದ ಕೂದಲು ತಂದು ಬುಡಕ್ಕೆ ಬಿಗಿದದ್ದೂ ಆಯಿತು. ನೀನು ಆ ನೋವನ್ನು ಮೂರು ದಿನ ಹಲ್ಲುಕಚ್ಚಿಕೊಂಡು ತಡೆದೆ. ಅದು ಬೀಳಲಿಲ್ಲ, ಇನ್ನಷ್ಟು ದಪ್ಪವಾಯಿತು. ಅಂದಿನಿಂದ ನೀನು ಜಡೆಯನ್ನು ಎಡಗಡೆಗೆ ತಂದು ಕಿವಿಯ ಮೇಲೆ ಸಡಿಲವಾಗಿ ಹೆಣೆದುಕೊಳ್ಳುವುದನ್ನು ಕಲಿತೆ.

ನನ್ನ ಮದುವೆ ಗೊತ್ತಾದಾಗ ನಿನಗೆ ಹತ್ತೊಂಬತ್ತು. ಗಂಡಿನ ತಂಗಿ ಕಳಸ ಹಿಡಿಯಬೇಕು. ಅವ್ವನ ಕೆಂಪಿನ ಓಲೆ ಹಾಕಿಕೊಂಡು ನಾನೇ ಕಳಸ ಹಿಡಿಯುತ್ತೇನೆ ಎಂದು ನೀನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದೆ. ಅದಕ್ಕೇ ಕೇಳಿದ್ದು — “ಅಣ್ಣ, ಮೈಸೂರಲ್ಲಿ ಇದನ್ನ ಕುಯ್ದು ತಗೀತಾರಂತೆ. ಕರ್ಕಂಡ್ ಓಗ್ತೀಯಾ?” ಅಷ್ಟು ವರ್ಷಗಳಲ್ಲಿ ಆ ಗಂಟಿನ ಬಗ್ಗೆ ನೀನು ನನ್ನನ್ನು ಕೇಳಿದ್ದು ಅದೊಂದೇ. ಕರೆದುಕೊಂಡು ಹೋದೆ. ಅಷ್ಟರಮಟ್ಟಿಗೆ ನಾನು ಒಳ್ಳೆಯ ಅಣ್ಣನಾಗಿದ್ದೆ.

ಆಪರೇಷನ್ ಮಾಡಿದವರು ಮೊದಲೇ ಹೇಳಿದ್ದರು, ಬರೀ ಕೊಯ್ದರೆ ಇದು ಸುಮ್ಮನಿರುವ ಜಾತಿಯಲ್ಲ, ಗಾಯದ ಮೇಲೇ ಮತ್ತೆ ಬೆಳೆಯುತ್ತದೆ ಎಂದು. ಕೊಯ್ದ ಮಾರನೆಯ ದಿನವೇ ಕರೆಂಟು ಕೊಡುವ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನಮ್ಮ ಕಡೆ ಎಲ್ಲರೂ ಅದನ್ನು ಕರೆಂಟು ಎಂದೇ ಕರೆಯುತ್ತಿದ್ದುದರಿಂದ ಹಾಗೇ ಬರೆಯುತ್ತಿದ್ದೇನೆ. ಅದು ಕರೆಂಟಲ್ಲ, ಕಿರಣ. ಎಕ್ಸ್‌ರೇ ತೆಗೆಯುವುದಿಲ್ಲವೇ, ಅದರ ಅಣ್ಣ ಎಂದು ಅಲ್ಲಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ನಿನ್ನನ್ನು ನರ್ಸು ಒಳಗೆ ಕರೆದುಕೊಂಡು ಹೋಗಿದ್ದಾಗ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ಇದು: “ನೋಡಿ, ನಿಮ್ಮ ತಂಗಿಗೆ ಕ್ಯಾನ್ಸರ್ ಇಲ್ಲ. ಈ ಗಂಟು ಕ್ಯಾನ್ಸರ್ ಅಲ್ಲ, ಆಗೋದೂ ಇಲ್ಲ. ಗಾಯ ಅತಿಯಾಗಿ ಬೆಳೆಯೋದನ್ನ ತಡೆಯೋಕೆ ಸ್ವಲ್ಪವೇ ಸ್ವಲ್ಪ ಕೊಡ್ತೀವಿ. ಚಿಕ್ಕ ವಯಸ್ಸು, ಅದಕ್ಕೇ ಯೋಚನೆ ಮಾಡೇ ಕೊಡ್ತಿರೋದು. ನಾಲ್ಕು ದಿನ. ನಡುವೆ ಬಿಟ್ಟರೆ ಕೊಟ್ಟಿದ್ದೂ ವ್ಯರ್ಥ.” ಒಂದು ರಟ್ಟಿನ ಚೀಟಿ ಕೊಟ್ಟರು. ಅದರಲ್ಲಿ ಸಾಲಾಗಿ ನಾಲ್ಕು ಚೌಕ. ಬಂದ ದಿನ ಒಂದೊಂದಕ್ಕೆ ಸಹಿ.

ಆ ಮಾತು ನನಗೆ ಅರ್ಥವಾಗಲಿಲ್ಲ ಎಂದು ಹೇಳುವಂತಿಲ್ಲ. ಚೆನ್ನಾಗಿ ಅರ್ಥವಾಗಿತ್ತು. ಆದರೆ ನಮ್ಮೂರಿನಲ್ಲಿ ಆಗ ಕರೆಂಟು ಕೊಡಿಸಿದರು ಎಂದರೆ ಒಂದೇ ಅರ್ಥ. ಯಾರಿಗಾದರೂ ಕರೆಂಟು ಕೊಡಿಸುತ್ತಿದ್ದಾರಂತೆ ಎಂದು ಸುದ್ದಿ ಬಂದರೆ ಜನ ದನಿ ತಗ್ಗಿಸುತ್ತಿದ್ದರು, ಆ ಮನೆಯ ನೀರು ಕುಡಿಯಲು ಹಿಂದೆಮುಂದೆ ನೋಡುತ್ತಿದ್ದರು, ಆ ಮನೆಯ ಹೆಣ್ಣು ತರಲು, ಆ ಮನೆಗೆ ಹೆಣ್ಣು ಕೊಡಲು — ಇನ್ನು ಕೇಳಬೇಕೇ? ಇದು ಆ ಕಾಯಿಲೆಯಲ್ಲ, ಬೇರೆಯದಕ್ಕೂ ಕೊಡುತ್ತಾರೆ ಎಂದು ಹೇಳಿದರೆ ನಂಬುವವರು ಯಾರು? ಮುಚ್ಚಿಹಾಕುತ್ತಿದ್ದಾರೆ ಎನ್ನುತ್ತಿದ್ದರು. ಹೀಗೆಂದು ನಾನು ಅಂದುಕೊಂಡೆ. ಒಬ್ಬರಿಗಾದರೂ ಹೇಳಿ ನೋಡಿದೆನೇ? ಇಲ್ಲ.

ಅವತ್ತು ಬೆಳಿಗ್ಗೆ. ನಿನ್ನ ಸರದಿ ಮುಗಿದಿತ್ತು. ಹೊರಗಿನ ಉದ್ದ ಬೆಂಚಿನ ಮೇಲೆ ನೀನು ಕೂತಿದ್ದೆ — ಕಿವಿಗೆ ಪಟ್ಟಿ, ತಲೆಯ ಮೇಲೆ ಅವ್ವನ ಬೂದು ಶಾಲು. ನಾನು ಪಕ್ಕದಲ್ಲಿ ನಿಂತು ಚೀಟಿಯ ಮೊದಲ ಚೌಕದ ಸಹಿ ನೋಡುತ್ತಿದ್ದೆ. ತಲೆಯೆತ್ತಿದರೆ ಎದುರಿಗೆ ನಂಜಪ್ಪನವರು. ನನಗೆ ಗೊತ್ತುಮಾಡಿದ್ದ ಹುಡುಗಿ ಪ್ರೇಮಳ ಸೋದರಮಾವ. ಕೆ.ಆರ್.ಪೇಟೆಯಿಂದ ನಮ್ಮ ಮನೆಗೆ ಬಂದು ಸಂಬಂಧ ಕುದುರಿಸಿದವರೇ ಅವರು. ಅವರು ಬಂದ ದಿನ ಅವ್ವ ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದಳಲ್ಲ, ಹಾಗಾಗಿ ನಿನ್ನ ಮುಖ ಅವರಿಗೆ ಗೊತ್ತಿರಲಿಲ್ಲ. ನಾನು ಎರಡು ಹೆಜ್ಜೆ ಮುಂದೆ ಬಂದೆ. ಮುಂದೆ ಬಂದದ್ದೋ, ನಿನ್ನಿಂದ ದೂರ ಸರಿದದ್ದೋ.

“ಏನ್ ಅಳಿಯಂದ್ರೆ, ನೀವ್ ಇಲ್ಲಿ?” ಎಂದರು.

“ನಮ್ಮಾಫೀಸ್ನೋರು ಒಬ್ರು ಅಡ್ಮಿಟ್ ಆಗವ್ರೆ ಮಾವ, ನೋಡ್ಕಂಡ್ ಓಗನಾ ಅಂತ.” ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಅವರು ಅತ್ತಿತ್ತ ನೋಡಿದರು. ನನ್ನ ಮುಂಗೈ ಹಿಡಿದುಕೊಂಡರು. “ನಮ್ಮವ್ವನ್ನ ಕರ್ಕಂಡ್ ಬಂದಿವ್ನಿ ಕಣಪ್ಪ. ಗಂಟ್ಲಲ್ಲಿ ಆಗದೆ. ಒಂದ್ ತಿಂಗ್ಳು ದಿನಾ ಕರೆಂಟ್ ಇಡ್ಬೇಕಂತೆ. ದಿನಾ ಬತ್ತೀವಿ, ಇದೇ ಒತ್ಗೆ. ನಿಮ್ ಮನೇಲಿ ಯೋಳ್ಬ್ಯಾಡಿ. ಏನಾರಾ ಅನ್ಕಂಡಾರು — ಮದ್ವೆ ಒಂದ್ ಮುಗ್ದೋಗ್ಲಿ.” ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಬೆಂಚಿನ ಕಡೆ ಗದ್ದದಿಂದಲೇ ತೋರಿಸಿ, “ಅಯ್ಯೋ, ಇಷ್ಟ್ ಚಿಕ್ಕ್ ಮಗಿಗೂ ಬತ್ತದಲ್ಲಪ್ಪ. ನಿಮ್ ಕಡೆಯೋರಾ?” ಎಂದರು.

“ಅಲ್ಲ ಮಾವ,” ಅಂದೆ. “ಯಾರೋ ಏನೋ, ಗೊತ್ತಿಲ್ಲ.”

ಶಶಿ — ಇದನ್ನು ಬರೆದೆ.

ಆ ಮನುಷ್ಯ ತಮ್ಮ ಮನೆಯ ನಿಜವಾದ ಕಾಯಿಲೆಯನ್ನು ನಂಬಿ ನನ್ನ ಕೈಗಿಟ್ಟರು. ನಾನು ನಮ್ಮ ಮನೆಯಲ್ಲಿ ಇಲ್ಲದ ಕಾಯಿಲೆಯನ್ನು ಅವರಿಂದ ಬಚ್ಚಿಟ್ಟೆ. ‘ನನ್ನ ತಂಗಿ ಮಾವ, ಕಿವಿಯಲ್ಲಿ ಗಂಟಾಗಿತ್ತು’ ಎಂದು ಒಂದು ಮಾತು ಹೇಳಿದ್ದರೆ ಅವರು ನಿನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಅವರಿಗಿಂತ ಚೆನ್ನಾಗಿ ಅದನ್ನು ಅರ್ಥ ಮಾಡಿಕೊಳ್ಳುವವರು ಆ ಹೊತ್ತಿನಲ್ಲಿ ಇನ್ಯಾರಿದ್ದರು? ಅವರು ಒಳಗೆ ಹೋದ ಮೇಲೂ ನಾನು ನಿನ್ನ ಹತ್ತಿರ ಬರಲಿಲ್ಲ. ಕಣ್ಣಲ್ಲೇ ಏಳು ಎಂದು ಸನ್ನೆ ಮಾಡಿ ಗೇಟಿನ ಕಡೆ ನಡೆದೆ. ನೀನು ಶಾಲು ಸರಿಮಾಡಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದೆ.

ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೆ ನಾನು ಲೆಕ್ಕ ಹಾಕುತ್ತಿದ್ದೆ. ನಾಳೆ ಅವರು ಬರುತ್ತಾರೆ. ನಾಳಿದ್ದು ಬರುತ್ತಾರೆ. ಅದೇ ಹೊತ್ತು, ಅದೇ ಬೆಂಚು. ಡಾಕ್ಟರಮ್ಮನಿಗೆ ಹೇಳಿ ಸಂಜೆ ಹೊತ್ತಿಗೆ ಬದಲಾಯಿಸಿಕೊಳ್ಳಬಹುದಿತ್ತು. ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ. ಕೇಳಬೇಕೆಂದು ಹೊಳೆಯಲಿಲ್ಲ ಎನ್ನೋಣವೇ? ಹೊಳೆಯಿತು. ಆದರೆ ಅಲ್ಲಿಗೆ ಮತ್ತೆ ಕಾಲಿಡಲು ನನಗೆ ಮನಸ್ಸೇ ಇರಲಿಲ್ಲ. ನೀನು ಖುಷಿಯಲ್ಲಿದ್ದೆ. ಸೀಸದ ತಗಡು ಹೊದಿಸಿ ಕಿವಿ ಮಾತ್ರ ಕಾಣುವ ಹಾಗೆ ತೂತು ಬಿಟ್ಟಿದ್ದರು, ಯಂತ್ರ ಗುಂಯ್ ಎಂದಿತು, “ನೋವೇ ಆಗ್ನಿಲ್ಲ ಕಣಣ್ಣ” ಎಂದು ಹೇಳುತ್ತಿದ್ದೆ. ಆಮೇಲೆ ಕೇಳಿದೆ —

“ನಾಳಿಕ್ ಎಷ್ಟೊತ್ಗೆ ಓಗ್ಬೇಕು?”

“ನಾಳಿಕ್ ಬ್ಯಾಡ. ಇನ್ ಓಗದೇ ಬ್ಯಾಡ. ಒಂದೇ ಸಾಕಂತೆ, ಡಾಕ್ಟ್ರು ಆಮೇಲ್ ಯೋಳುದ್ರು.”

“ಅಂಗಾರೆ ವಾಸಿಯಾಗೋಯ್ತಾ?”

“ಆಗೋಯ್ತು.”

ನೀನು ನಂಬಿದೆ. ಕಿಟಕಿಯ ಕಡೆ ತಿರುಗಿ ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ, “ಅವ್ರು ಯಾರಣ್ಣ, ಮಾತಾಡ್ತಿದ್ರಲ್ಲ?” ಅಂದೆ. ಆಫೀಸಿನವರು ಅಂದೆ ನಾನು.

ಎರಡು ತಿಂಗಳಿಗೆ ಮದುವೆಯಾಯಿತು. ನೀನು ಕಳಸ ಹಿಡಿದೆ. ಜಡೆಯನ್ನು ಬೆನ್ನಿಗೆ ನೇರವಾಗಿ ಇಳಿಬಿಟ್ಟು, ಎರಡೂ ಕಿವಿಗೆ ಅವ್ವನ ಕೆಂಪಿನ ಓಲೆ. ನಂಜಪ್ಪನವರು ಧಾರೆಯ ಹೊತ್ತಿಗೆ ಮಂಟಪದ ಹತ್ತಿರ ಬಂದರು; ಶಾಲು, ಪಟ್ಟಿ ಇಲ್ಲದ ನಿನ್ನ ಗುರುತು ಅವರಿಗೆ ಹತ್ತಲಿಲ್ಲ. ನೀನು ಅವರನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಆಫೀಸಿನವರು ಹೆಣ್ಣಿನ ಸೋದರಮಾವ ಆದದ್ದು ಹೇಗೆ ಎಂದು ನೀನು ಅವತ್ತೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಕಳಸವನ್ನು ಎದೆಗೊತ್ತಿಕೊಂಡು ನಿಂತೆ, ಅಷ್ಟೆ. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ನೀನು ಓಲೆ ಹಾಕಿಕೊಂಡ ಫೋಟೋ ನಮ್ಮ ಮನೆಯಲ್ಲಿ ಅದೊಂದೇ.

ಗೌರಿ ಹಬ್ಬದ ಹೊತ್ತಿಗೆ ಕಿವಿ ತುರಿಸುತ್ತದೆ ಎಂದೆ ನೀನು. ಉಷ್ಣ, ಹರಳೆಣ್ಣೆ ಹಚ್ಚು ಎಂದೆ ನಾನು. ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು — ಹೊಲಿಗೆಯ ಗೆರೆಯ ಮೇಲೆ ಕೆಂಪಗೆ, ಸಣ್ಣಗೆ, ನುಣ್ಣಗೆ. ಸಂಕ್ರಾಂತಿಯ ಹೊತ್ತಿಗೆ ಅದು ಮೊದಲಿಗಿಂತ ದೊಡ್ಡದಾಗಿತ್ತು. “ಕರೆಂಟ್ಗೂ ಬಗ್ಗಲಿಲ್ವಲ್ಲ, ನಮ್ ರಕ್ತನೇ ಸರಿಯಿಲ್ಲ ಕಣವ್ವ” ಎಂದು ಅವ್ವ ನಿನ್ನ ತಲೆ ನೇವರಿಸಿ ಅತ್ತಳು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಆಗಲಾದರೂ ಬಾಯಿಬಿಡಬಹುದಿತ್ತು. ಮದುವೆ ಆಗಿಹೋಗಿತ್ತು, ಹೆದರಲು ಏನೂ ಉಳಿದಿರಲಿಲ್ಲ. ಆದರೂ ಬಿಡಲಿಲ್ಲ. ಮೊದಲ ಸುಳ್ಳು ಹೆದರಿ ಹೇಳಿದ್ದು. ಆಮೇಲಿನ ಮೌನ ಬರೀ ಸುಖಕ್ಕೆ. ಒಳ್ಳೆಯ ಅಣ್ಣ ಎಂಬ ಹೆಸರನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ತಪ್ಪು.

ಆ ಓಲೆಯನ್ನು ಅವ್ವ ಪ್ರೇಮಳಿಗೆ ಕೊಟ್ಟಳು. “ಮಗ್ಳು ಆಕ್ಕಳಂಗಿಲ್ಲ, ಸೊಸೆನಾರಾ ಆಕ್ಕಳ್ಲಿ” ಎಂದು. ನೀನೇ ಡಬ್ಬಿ ತಂದುಕೊಟ್ಟೆ. ಪ್ರೇಮ ಕನ್ನಡಿಯ ಮುಂದೆ ತಿರುಪು ಹಾಕಲು ಒದ್ದಾಡುತ್ತಿದ್ದಾಗ ನೀನೇ ಹಿಂದೆ ನಿಂತು ಹಾಕಿದೆ. ಅಂದಿನಿಂದ ಮೊನ್ನೆ ಮೊನ್ನೆಯವರೆಗೆ ನಾನು ದಿನಾ ಬೆಳಿಗ್ಗೆ ಆ ಓಲೆಯನ್ನು ನೋಡಿಕೊಂಡೇ ಊಟ ಮಾಡಿದ್ದೇನೆ, ಪೇಪರ್ ಓದಿದ್ದೇನೆ.

ನಿನ್ನ ಬಾಳು ಹಾಳಾಯಿತು ಎಂದು ನಾನು ಬರೆಯುತ್ತಿಲ್ಲ, ಹಾಗೆ ಬರೆದರೆ ನೀನು ನಗುತ್ತೀಯ. ನಾಗಮಂಗಲದ ಗಂಡನ ಮನೆಯಲ್ಲಿ ನೀನೇ ಯಜಮಾನಿ. ಭಾವನವರು ನಿನ್ನ ಮಾತು ಮೀರಿದವರಲ್ಲ. ಐದು ಹಸು, ಬೆಳಿಗ್ಗೆ ಡೈರಿಗೆ ಹಾಲು, ಮಹಿಳಾ ಸಂಘದ ಮೀಟಿಂಗು, ಎಲ್ಲ ನಡೆಸಿದೆ. ಆದರೆ ಸಂಘದ ಗುಂಪು ಫೋಟೋದಲ್ಲೂ ನೀನು ಎಡಗಡೆಯ ತುದಿಗೆ ನಿಂತು ತಲೆಯನ್ನು ಓರೆ ಮಾಡಿರುತ್ತೀಯ. ಯಾವಾಗಲೂ ತಲೆಯ ಮೇಲೆ ಸೆರಗು. ನೋಡಿದವರು ಎಷ್ಟು ಭಕ್ತಿ ಈ ಹೆಂಗಸಿಗೆ ಎನ್ನುತ್ತಾರೆ. ಆ ಸೆರಗಿಗೆ ನಿಜವಾದ ಕಾರಣ ಯಾರೆಂದು ಗೊತ್ತಿದ್ದವನು ನಾನೊಬ್ಬ.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಚೈತ್ರ ತಟ್ಟೆ ಇಡಲು ಬಗ್ಗಿದಾಗ ಅವಳ ಕೂದಲು ಸರಿಯಿತು. ಕಿವಿಯ ಅಂಚಿನಲ್ಲಿ, ಎರಡನೆಯ ಹರಳು ಚುಚ್ಚಿದ ಕಡೆ, ಅವರೆಕಾಳಿನಷ್ಟು. ಅವಳು ಥಟ್ಟನೆ ಕೂದಲು ಎಳೆದುಕೊಂಡಳು — ನಿನ್ನ ಹಾಗೇ, ಅದೇ ಬೆರಳುಗಳಿಂದ. ನಾನು ಡಾಕ್ಟರಿಗೆ ತೋರಿಸಿದಿರಾ ಎಂದೆ. ನೀನು ಮುದ್ದೆ ಬಡಿಸುತ್ತ ಹೇಳಿದೆ:

“ಬುಡಣ್ಣ. ನಂಗ್ ಕರೆಂಟ್ ಕೊಡ್ಸಿದ್ರೂವೆ ಓಯ್ತಾ? ಇನ್ನೂ ಜಾಸ್ತಿ ಆಯ್ತು. ನಮ್ ರಕ್ತನೇ ಇಂಗೆ. ಅವ್ಳು ಆಸ್ಪತ್ರೆಗೆ ಓಗನಾ ಅಂತವ್ಳೆ, ನಾನೇ ಬ್ಯಾಡ ಅಂದಿವ್ನಿ. ಸುಮ್ಕೆ ಮಗೀನ್ ಕಿವಿ ಯಾಕ್ ಕುಯ್ಸನಾ?”

ಚೈತ್ರ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಮಾವ ಏನಾದರೂ ಹೇಳಿಯಾರು ಎಂದು ಕಾಯುವ ಮುಖ ಅದು. ನಾನು ಉಪ್ಸಾರು ಕಲಸಿಕೊಂಡು ಉಂಡೆ. ಕೈ ತೊಳೆದು, ಹೋಗಿ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ನನ್ನ ಆ ಒಂದು ಸುಳ್ಳು ನಿನ್ನ ಕಿವಿಯಲ್ಲಿ ಮುಗಿದಿಲ್ಲ, ನಿನ್ನ ಮಗಳ ಕಿವಿಯವರೆಗೂ ಬಂದಿದೆ ಎಂದು ಬಸ್ಸಿನಲ್ಲಿ ಕೂತ ಮೇಲೆ ಎದೆಗೆ ಇಳಿಯಿತು.

ಮೊದಲು ಪ್ರೇಮಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ನಮ್ಮಜ್ಜಿಗೆ ಕರೆಂಟ್ ಕೊಡ್ಸ್ತಿದ್ದಿದ್ದು ನಂಗ್ ಗೊತ್ತಿತ್ತು. ನಿಮ್ಗ್ ಗೊತ್ತಾಗ್ಬಾರ್ದು ಅಂತ ನಮ್ಮನೇರೆಲ್ಲ ಬಾಯ್ ಮುಚ್ಕಂಡಿದ್ರು, ನಾನೂ ಮುಚ್ಕಂಡಿದ್ದೆ,” ಎಂದಳು. ಸೊಪ್ಪಿನ ಕಟ್ಟನ್ನು ಪಕ್ಕಕ್ಕಿಟ್ಟು, “ಆದ್ರೆ ನಮ್ಮಜ್ಜಿಗೆ ಒಂದಿನಾನೂ ತಪ್ಪಿಸ್ನಿಲ್ಲ ಕಣ್ರೀ,” ಎಂದಳು. ಆಮೇಲೆ ಎದ್ದು ಒಳಗೆ ಹೋದಳು. ಬಂದಾಗ ಅವಳ ಕಿವಿ ಬರಿದಾಗಿತ್ತು. ಓಲೆಯ ಡಬ್ಬಿ ನನ್ನ ಮುಂದೆ ಇಟ್ಟಳು. ಇವತ್ತಿನವರೆಗೂ ಅವಳು ಅದನ್ನು ಮುಟ್ಟಿಲ್ಲ.

ಒಂದು ಮಾತು ಮುಚ್ಚಿಡಬಾರದು. ಮೊನ್ನೆ ಮೈಸೂರಿಗೆ ಹೋಗಿ ಒಬ್ಬ ಡಾಕ್ಟರನ್ನು ಕಂಡು ವಿಚಾರಿಸಿದೆ. ಇಂಥ ಚರ್ಮ ಮನೆತನದಲ್ಲಿ ಬರುವುದುಂಟು, ಪೂರ್ತಿ ಕರೆಂಟು ಕೊಟ್ಟರೂ ಕೆಲವರಿಗೆ ಮತ್ತೆ ಬೆಳೆಯುವುದುಂಟು ಎಂದರು. ನಿನಗೂ ಹಾಗೇ ಆಗುತ್ತಿತ್ತೇನೋ — ಎಂದುಕೊಂಡು ಒಂದು ಕ್ಷಣ ನನ್ನ ಮನಸ್ಸು ಹಗುರಾಯಿತು. ಆ ಹಗುರಕ್ಕೆ ನಾಚಿಕೆಯಾಯಿತು. ಆಗುತ್ತಿತ್ತೋ ಇಲ್ಲವೋ ತಿಳಿದುಕೊಳ್ಳುವ ಅವಕಾಶವನ್ನೇ ನಾನು ನಿನಗೆ ಕೊಡಲಿಲ್ಲ. ಚೈತ್ರಳ ಗಂಟು ಇನ್ನೂ ಚಿಕ್ಕದು; ಕೆಲವಕ್ಕೆ ಇಂಜೆಕ್ಷನ್ ಸಾಕಾಗುತ್ತದಂತೆ, ಕೊಯ್ಯಬೇಕೋ ಕರೆಂಟು ಬೇಕೋ ನೋಡಿಯೇ ಹೇಳಬೇಕಂತೆ. ಹಳೆಯ ಗಂಟಿಗೂ ಮಾಡಬಹುದು, ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಅದು ನಿನ್ನಿಷ್ಟ.

ಈ ಕಾಗದದ ಜೊತೆ ಆ ರಟ್ಟಿನ ಚೀಟಿ ಇಟ್ಟಿದ್ದೇನೆ. ಎಸೆಯಲಾಗದೆ ಆಫೀಸಿನ ಹಳೆಯ ಫೈಲೊಂದರಲ್ಲಿ ಇಟ್ಟುಕೊಂಡಿದ್ದೆ, ರಿಟೈರಾದಾಗ ಮನೆಗೆ ತಂದೆ. ಮೊದಲ ಚೌಕದಲ್ಲಿ ಸಹಿ ಇದೆ. ಉಳಿದ ಮೂರೂ ಖಾಲಿ. ನನ್ನ ಮಾತು ನಂಬಬೇಡ, ಅದನ್ನು ನೋಡು. ಚೈತ್ರಳಿಗೂ ತೋರಿಸು.

ಕ್ಷಮಿಸು ಎಂದು ಕೇಳುತ್ತಿಲ್ಲ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ನಾನೂ ಪ್ರೇಮಳೂ ಬರುತ್ತೇವೆ. ನೀನು ಒಳಗೆ ಕರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇವೆ. ಚೈತ್ರಳನ್ನು ಕಳಿಸಿಕೊಟ್ಟರೆ, ಎಷ್ಟು ದಿನ ಹೋಗಬೇಕೋ ಅಷ್ಟು ದಿನವೂ ಅವಳ ಪಕ್ಕದಲ್ಲೇ ಕೂರುತ್ತೇನೆ. ಯಾರಾದರೂ ಬಂದು ಈ ಹುಡುಗಿ ನಿಮ್ಮ ಕಡೆಯವಳೇ ಎಂದು ಕೇಳಿದರೆ — ಕೇಳಲಿ.

ಕೊನೆಗೆ ಒಂದು ಉಳಿದಿದೆ. ನಿನ್ನ ಕಿವಿಗೆ ಪಟ್ಟಿ ಕಟ್ಟಿತ್ತು, ಆದ್ದರಿಂದ ಬೆಂಚಿನ ಹತ್ತಿರ ನಾನು ಆಡಿದ ಮಾತು ನಿನಗೆ ಕೇಳಿಸಿರಲಾರದು ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ಮೊನ್ನೆ ಆ ದಿನವನ್ನು ಮತ್ತೆ ಮತ್ತೆ ನೆನೆಯುತ್ತ ಕೂತಿದ್ದಾಗ ತಿಳಿಯಿತು. ಪಟ್ಟಿ ಇದ್ದದ್ದು ಎಡಗಿವಿಗೆ. ನಾನು ನಿಂತಿದ್ದದ್ದು ನಿನ್ನ ಬಲಕ್ಕೆ.